ಪರನಾಡಿನಲ್ಲಿ ವಾಹನದ ವಿಮೆ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬ ಮಾತು ನಮ್ಮಲ್ಲಿ ಹಳೆಯದು. ಸುತ್ತುವವನು ಬೇರೆ, ಓದುವವನು ಬೇರೆ ಎಂಬ ಎಣಿಕೆ ಆ ಮಾತಿನ ಹಿಂದೆ ಇದ್ದಿರಬೇಕು. ಆದರೆ ಈ ಕಾಲದಲ್ಲಿ ದೇಶ ಸುತ್ತಲು ಹೊರಟವನಿಗೂ ಒಂದು ಬಗೆಯ ಕೋಶವನ್ನು ಓದದೆ ಗತ್ಯಂತರವಿಲ್ಲ. ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿ, ಸಹಿ ಹಾಕುವವರೆಗೆ ಯಾರೂ ಓದದೆ, ಆಪತ್ತು ಬಂದ ದಿನ ಮನೆಮಂದಿಯೆಲ್ಲ ಕೂಡಿ ಓದುವ ಆ ಕೋಶಕ್ಕೆ ವಿಮಾಪತ್ರವೆಂದು ಹೆಸರು.

ಮಂಗಳೂರಿನವರಾದ ನಮಗೆ ಪರನಾಡು ಹೊಸದಲ್ಲ. ಮುಂಬಯಿ ನಮ್ಮ ಅಜ್ಜಂದಿರ ಕಾಲದ ಪರನಾಡು. 1973ರಲ್ಲಿ ತೈಲದ ಬೆಲೆ ಏರಿದ ಮೇಲೆ ದುಬೈ, ಕುವೈತ್, ಬಹರೈನ್, ಮಸ್ಕತ್ ಎಂಬ ಹೆಸರುಗಳು ನಮ್ಮ ಮನೆಮಾತಾದವು. ಅನಂತರದ ತಲೆಮಾರು ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಗಳಿಗೂ ಹೋಯಿತು. ಹೋದಲ್ಲಿ ಮೊದಲು ಬೇಕಾಗುವುದು ಕೆಲಸ, ಆಮೇಲೆ ಮನೆ. ಬಸ್ಸು ವಿರಳವಾದ ಊರಾದರೆ ಮೂರನೆಯದಾಗಿ ಕಾರು. ಕಾರಿನ ಬೆಲೆಯನ್ನು ವಿಚಾರಿಸಿಕೊಂಡು ಹೋದವನು ಅದರ ವಿಮೆಯ ಬೆಲೆಯನ್ನು ಕೇಳಿ ದಂಗಾಗುತ್ತಾನೆ. ಹತ್ತು ವರ್ಷ ನಂತೂರಿನ ವೃತ್ತದಲ್ಲಿಯೂ ಶಿರಾಡಿ ಘಾಟಿಯಲ್ಲಿಯೂ ಗಾಡಿ ಓಡಿಸಿದ ತನಗೆ, ನಿನ್ನೆ ಲೈಸೆನ್ಸು ಪಡೆದ ಹುಡುಗನ ದರವನ್ನೇ ಹೇಳುವುದು ಯಾವ ನ್ಯಾಯ ಎಂದು ಅವನಿಗೆ ಅನಿಸುತ್ತದೆ. ಈ ದರ ಹೀಗೇಕೆ, ಇದನ್ನು ಇಳಿಸುವ ನೇರವಾದ ದಾರಿ ಯಾವುದು, ಯಾವ ಉಳಿತಾಯ ಉಳಿತಾಯವೇ ಅಲ್ಲ ಎಂಬುದನ್ನು ಇಂದು ವಿಚಾರ ಮಾಡೋಣ.

ವಿಮೆಯ ತತ್ತ್ವ ನಮ್ಮ ಜಿಲ್ಲೆಯವರಿಗೆ ತಿಳಿಯದ್ದೇನೂ ಅಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ದಿನಕ್ಕೆ ಎರಡಾಣೆ ಕೊಟ್ಟವನೂ ಉಳಿತಾಯಗಾರನಾದನು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಸಣ್ಣ ಹಣ ಕೂಡಿ ದೊಡ್ಡದಾಗುವ ಪಾಠ ಮಾತ್ರ ಉಳಿದಿದೆ. ವಿಮೆಯಲ್ಲಿಯೂ ಹಲವರ ಸಣ್ಣ ಹಣ ಒಂದೆಡೆ ಕೂಡುತ್ತದೆ. ವ್ಯತ್ಯಾಸವಿಷ್ಟೆ: ಪಿಗ್ಮಿಯ ಹಣ ಕಟ್ಟಿದವನಿಗೇ ಮರಳುತ್ತದೆ; ವಿಮೆಯ ಹಣ ಆ ವರ್ಷ ಯಾರ ದಿನ ಕೆಟ್ಟಿತೋ ಅವನ ಮನೆಗೆ ಹೋಗುತ್ತದೆ. ವರ್ಷವಿಡೀ ಅಪಘಾತವಾಗದೆ, ಕಟ್ಟಿದ್ದು ವ್ಯರ್ಥವಾಯಿತೆಂದು ನಾವು ಮರುಗಿದರೆ, ಮಳೆ ಬಾರದ ದಿನ ಕೊಡೆ ಹಿಡಿದುಕೊಂಡು ಹೋದುದಕ್ಕೆ ಮರುಗಿದಂತೆ.

ವಾಹನದ ವಿಮೆಯಲ್ಲಿ ಎರಡು ಭಾಗಗಳಿವೆ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿಯುವುದೇ ಈ ವಿಷಯದ ಕೀಲಿಕೈ. ಒಂದು, ನಮ್ಮ ವಾಹನಕ್ಕೆ ಆಗುವ ಹಾನಿಗೆ ಪರಿಹಾರ. ಇನ್ನೊಂದು, ನಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಗೆ ಪರಿಹಾರ. ವಿಮೆ ಮಾಡಿಸಿದ ನಾವು ಮೊದಲನೆಯವರು, ವಿಮಾ ಕಂಪನಿ ಎರಡನೆಯದು, ದಾರಿಯಲ್ಲಿ ಹೋಗುತ್ತಿದ್ದು ನಮ್ಮಿಂದ ಏಟು ತಿಂದ ಅಪರಿಚಿತನು ಮೂರನೆಯವನು. ಆದುದರಿಂದಲೇ ಇದಕ್ಕೆ ‘ಥರ್ಡ್ ಪಾರ್ಟಿ’ ವಿಮೆಯೆಂದು ಹೆಸರು ಬಂದಿದೆ. ನಮ್ಮ ಕಾರು ಜಖಂ ಆದರೆ ನಷ್ಟ ನಮ್ಮದು, ಸಹಿಸಬಹುದು. ಅಪರಿಚಿತನ ಕಾಲು ಹೋದರೆ ಅವನ ಮನೆಯ ಒಲೆ ಉರಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿಯೇ ಕಾನೂನುಗಳು ಹುಟ್ಟಿದವು. ಅಮೆರಿಕದ ಮೆಸಚೂಸೆಟ್ಸ್ ರಾಜ್ಯವು 1927ರಲ್ಲಿಯೂ ಬ್ರಿಟನ್ 1930ರ ಕಾನೂನಿನಿಂದಲೂ ಇಂಥ ವಿಮೆಯನ್ನು ಕಡ್ಡಾಯಗೊಳಿಸಿದವು. ನಮ್ಮಲ್ಲಿ 1939ರ ಮೋಟಾರು ವಾಹನ ಕಾನೂನಿನಲ್ಲಿ ಇದ್ದ ಈ ವಿಧಿ 1946ರ ಜುಲೈ 1ರಿಂದ ಜಾರಿಗೆ ಬಂತು. ಈಗ 1988ರ ಕಾನೂನಿನ 146ನೆಯ ಕಲಮಿನಲ್ಲಿದೆ.

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಊರಿನಲ್ಲಿ ಕಡಿಮೆಯಿದ್ದ ದರ ಹೊರಗೆ ಏಕೆ ಏರುತ್ತದೆ? ಹಣದ ಮೌಲ್ಯ ಬೇರೆ, ಆಸ್ಪತ್ರೆಯ ಖರ್ಚು ಬೇರೆ ಎಂಬ ಕಾರಣಗಳು ಇದ್ದೇ ಇವೆ. ಅವುಗಳಿಗಿಂತ ಆಳವಾದ ಕಾರಣವೊಂದಿದೆ. ನಮ್ಮಲ್ಲಿ ವಿಮೆಯವರು ಮುಖ್ಯವಾಗಿ ಕೇಳುವುದು ಕಾರಿನ ಜಾತಕ. ಥರ್ಡ್ ಪಾರ್ಟಿ ವಿಮೆಯ ದರವನ್ನು ಸರಕಾರವೇ ಗೊತ್ತುಮಾಡುತ್ತದೆ. ಅದು ಎಂಜಿನ್ನಿನ ಗಾತ್ರವನ್ನು ಅನುಸರಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಸಾವಿರ ಸಿ.ಸಿ.ಯವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಒಂದೂವರೆ ಸಾವಿರದವರೆಗೆ 3,416 ರೂಪಾಯಿ, ಅದಕ್ಕೂ ದೊಡ್ಡದಕ್ಕೆ 7,897 ರೂಪಾಯಿ. ಓಡಿಸುವವನು ಇಪ್ಪತ್ತರ ತರುಣನೋ ಅರುವತ್ತರ ಹಿರಿಯನೋ ಎಂದು ಆ ಪಟ್ಟಿ ಕೇಳಲಿಲ್ಲ. ಸ್ವಂತ ಹಾನಿಯ ವಿಮೆಯಲ್ಲಿಯೂ ಕಾರಿನ ಬೆಲೆ, ವಯಸ್ಸು, ನೋಂದಣಿಯಾದ ಊರು ಇವೇ ಮುಖ್ಯವಾದವು. 2002ರ ಅಖಿಲ ಭಾರತ ದರಪಟ್ಟಿ ಬೆಂಗಳೂರು, ಮುಂಬಯಿ ಮೊದಲಾದ ಎಂಟು ಮಹಾನಗರಗಳನ್ನು ಒಂದು ವಲಯವಾಗಿಯೂ ಉಳಿದ ದೇಶವನ್ನೆಲ್ಲ ಇನ್ನೊಂದು ವಲಯವಾಗಿಯೂ ವಿಂಗಡಿಸಿತು. ಕೆಎ-19 ಎಂದು ಬರೆಸಿಕೊಂಡ ನಮ್ಮ ಮಂಗಳೂರಿನ ಕಾರು ಎರಡನೆಯ ವಲಯಕ್ಕೆ ಸೇರಿ, ಬೆಂಗಳೂರಿನ ಕಾರಿಗಿಂತ ಸ್ವಲ್ಪ ಅಗ್ಗದ ದರವನ್ನು ಅನುಭವಿಸಿತು.

ಹೊರನಾಡುಗಳಲ್ಲಿ, ಅದರಲ್ಲಿಯೂ ಪಾಶ್ಚಾತ್ಯ ದೇಶಗಳಲ್ಲಿ, ಕಾರಿನ ಜೊತೆಗೆ ಚಾಲಕನ ಜಾತಕವನ್ನೂ ಕೇಳುತ್ತಾರೆ. ವಯಸ್ಸೆಷ್ಟು, ಆ ದೇಶದ ಲೈಸೆನ್ಸು ಪಡೆದು ಎಷ್ಟು ವರ್ಷವಾಯಿತು, ದಂಡ ತೆತ್ತದ್ದುಂಟೆ, ಪರಿಹಾರ ಕೇಳಿದ್ದುಂಟೆ, ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಪ್ರಶ್ನೆಗಳ ಸರಮಾಲೆಯೇ ಇರುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಸಾಲ ತೀರಿಸಿದ ಚರಿತ್ರೆಯನ್ನೂ ನೋಡಿ ದರ ಕಟ್ಟುವ ವಾಡಿಕೆಯಿದೆ. ಕ್ಯಾಲಿಫೋರ್ನಿಯ, ಮೆಸಚೂಸೆಟ್ಸ್, ಹವಾಯಿಗಳು ಇದನ್ನು ಒಪ್ಪುವುದಿಲ್ಲ. ಜನ್ಮದಲ್ಲಿ ಸಾಲ ಮಾಡದವನೆಂದು ಊರಿನಲ್ಲಿ ಹೆಸರಾದವನು ಅಲ್ಲಿ ಸಾಲದ ಚರಿತ್ರೆಯೇ ಇಲ್ಲದವನೆಂದು ಹೆಚ್ಚು ತೆರಬೇಕಾಗುವುದು ವಿಚಿತ್ರವಾದರೂ ನಿಜ. ಹೊಸದಾಗಿ ಬಂದವನು ಕೆಟ್ಟ ಚಾಲಕನೆಂದು ಕಂಪನಿ ಹೇಳುತ್ತಿಲ್ಲ. ಅವನ ವಿಷಯದಲ್ಲಿ ತನಗೇನೂ ತಿಳಿಯದೆಂದು ಹೇಳುತ್ತಿದೆ. ಆ ಅಜ್ಞಾನದ ಬೆಲೆಯನ್ನು ಅವನಿಂದಲೇ ವಸೂಲು ಮಾಡುತ್ತಿದೆ.

ಹಾಗಿದ್ದರೆ ಮದ್ದು ಸ್ಪಷ್ಟವಾಗಿದೆ: ತಿಳಿಯದವರಿಗೆ ತಿಳಿಸಬೇಕು. ತಿಳಿಸುವುದು ಬಾಯಿಮಾತಿನಿಂದಲ್ಲ, ಕಾಗದದಿಂದ. ಆ ಕಾಗದಗಳು ಹುಟ್ಟುವುದು ಇಲ್ಲಿಯೇ. ವಿಮಾನ ಹತ್ತುವ ಮೊದಲು ಒಂದೆರಡು ದಿನದ ಓಡಾಟದಲ್ಲಿ ಕೈಗೆ ಬರಬಹುದಾದ ಕಾಗದಕ್ಕೆ ಅಲ್ಲಿ ಹೋದ ಮೇಲೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಮೊದಲನೆಯದು ಸಾರಿಗೆ ಕಚೇರಿಯಿಂದ ಪಡೆಯುವ ಲೈಸೆನ್ಸಿನ ಎಕ್ಸ್‌ಟ್ರಾಕ್ಟು. ಲೈಸೆನ್ಸು ಮೊದಲು ಎಂದು ಕೊಡಲ್ಪಟ್ಟಿತು, ಯಾವ ಬಗೆಯ ವಾಹನಕ್ಕೆ, ಎಂದಿನವರೆಗೆ ಎಂಬುದನ್ನು ಇದು ಸರಕಾರದ ಮುದ್ರೆಯೊಡನೆ ಹೇಳುತ್ತದೆ. ನವೀಕರಿಸಿದ ಕಾರ್ಡಿನಲ್ಲಿ ಹಳೆಯ ತಾರೀಕು ಸ್ಪಷ್ಟವಾಗಿಲ್ಲದವರಿಗೆ ಇದರ ಬೆಲೆ ಬಹಳ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ, ಹೊರದೇಶದ ಹನ್ನೆರಡು ತಿಂಗಳಿಗಿಂತ ಹೆಚ್ಚಿನ ಅನುಭವವನ್ನು ಲೆಕ್ಕಕ್ಕೆ ಹಿಡಿಯಬೇಕಾದರೆ ಲೈಸೆನ್ಸು ಕೊಟ್ಟ ಅಧಿಕಾರಿಯ ಅಥವಾ ರಾಯಭಾರ ಕಚೇರಿಯ ದೃಢಪತ್ರ ಬೇಕು. ಪತ್ರವಿಲ್ಲದ ಹತ್ತು ವರ್ಷ ಅಲ್ಲಿ ಒಂದೇ ವರ್ಷವಾಗಿ ಕುಗ್ಗುತ್ತದೆ.

ಎರಡನೆಯದು ವಿಮಾ ಕಂಪನಿಯಿಂದ ಪಡೆಯುವ ‘ನೋ ಕ್ಲೇಮ್ ಬೋನಸ್’ ಪತ್ರ. ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ನೂರಕ್ಕೆ 20ರಷ್ಟು ರಿಯಾಯಿತಿ ಸಿಗುತ್ತದೆ. ಅದು ವರ್ಷ ವರ್ಷಕ್ಕೆ 25, 35, 45 ಎಂದು ಏರಿ ಐದನೆಯ ವರ್ಷಕ್ಕೆ 50 ಆಗುತ್ತದೆ. ಈ ರಿಯಾಯಿತಿ ಕಾರಿನ ಸೊತ್ತಲ್ಲ, ಮಾಲಿಕನ ಸೊತ್ತು ಎಂಬುದನ್ನು ಅನೇಕರು ತಿಳಿದಿಲ್ಲ. ಹೊರಡುವ ಮೊದಲು ಕಾರನ್ನು ಮಾರುವವರು ಕಾರಿನೊಡನೆ ಬೋನಸ್ಸೂ ಹೋಯಿತೆಂದು ಸುಮ್ಮನಾಗುತ್ತಾರೆ. ಹಾಗಲ್ಲ. ಮಾರಿದ ಸಂಗತಿಯನ್ನು ಕಂಪನಿಗೆ ತಿಳಿಸಿ ಬೋನಸ್ಸನ್ನು ತಮ್ಮ ಹೆಸರಿನಲ್ಲಿ ಕಾದಿರಿಸುವ ಪತ್ರವನ್ನು ಪಡೆಯಬೇಕು. ಅದು ಮೂರು ವರ್ಷಗಳವರೆಗೆ ಊರ್ಜಿತ. ಹೊರದೇಶದ ಎಲ್ಲ ಕಂಪನಿಗಳೂ ಇದನ್ನು ಮನ್ನಿಸುವುದಿಲ್ಲ, ಕೆಲವು ಮನ್ನಿಸುತ್ತವೆ. ಮನ್ನಿಸುವವರು ಯಾರೆಂದು ಕೇಳಿ ತಿಳಿಯುವ ಕೆಲಸ ನಮ್ಮದು, ಏಕೆಂದರೆ ಕೇಳದವನಿಗೆ ತಾನಾಗಿ ಯಾರೂ ಕೊಡುವುದಿಲ್ಲ.

ಮೂರನೆಯದಾಗಿ, ಅಂತರರಾಷ್ಟ್ರೀಯ ಚಾಲನಾ ಪರವಾನಿಗೆಯ ವಿಷಯ. ಇದನ್ನು ನಮ್ಮ ಸಾರಿಗೆ ಕಚೇರಿಯೇ ಒಂದು ವರ್ಷದ ಅವಧಿಗೆ ಕೊಡುತ್ತದೆ. ಪ್ರವಾಸಿಗೆ ಇದು ಸಾಕಾಗಬಹುದು. ನೆಲೆಸಲು ಹೋದವನಿಗೆ ಸಾಲದು. ಗ್ರೇಟ್ ಬ್ರಿಟನ್ನಿನಲ್ಲಿ ನೆಲೆಸಿದವನು ನಮ್ಮ ಲೈಸೆನ್ಸಿನಿಂದ ಹನ್ನೆರಡು ತಿಂಗಳು ಓಡಿಸಬಹುದು. ಆಮೇಲೆ ಅಲ್ಲಿನ ಪರೀಕ್ಷೆ ಪಾಸು ಮಾಡಲೇಬೇಕು. ಆ ಹನ್ನೆರಡು ತಿಂಗಳು ಮುಗಿಯಲಿ ಎಂದು ಕಾಯದೆ ಬೇಗನೆ ಪರೀಕ್ಷೆ ಕೊಟ್ಟವನಿಗೆ, ಸ್ಥಳೀಯ ಲೈಸೆನ್ಸಿನ ಬಲದಿಂದ ವಿಮೆಯ ದರವೂ ಸಾಮಾನ್ಯವಾಗಿ ಇಳಿಯುತ್ತದೆ.

ಇನ್ನು ನಮ್ಮವರು ಅತಿ ಹೆಚ್ಚಾಗಿ ಹೋಗುವ ಗಲ್ಫ್ ನಾಡುಗಳ ಮಾತು. ಅಲ್ಲಿ ವಾಹನ ಸಾಗುವುದು ರಸ್ತೆಯ ಬಲಬದಿಯಲ್ಲಿ. ಚಕ್ರ ಹಿಡಿದು ಕೂರುವುದು ಎಡಬದಿಯಲ್ಲಿ. ಹತ್ತು ವರ್ಷದ ಕೈಯಭ್ಯಾಸವೇ ವೃತ್ತದಲ್ಲಿ ತಿರುಗುವಾಗ ವೈರಿಯಾಗಬಹುದು. ಹೊಸ ಲೈಸೆನ್ಸಿನವನಿಗೆ ಕಂಪನಿಗಳು ಹೆಚ್ಚಿನ ಹೊಣೆ ಹೊರಿಸುವುದರಲ್ಲಿ ಅರ್ಥವಿಲ್ಲದಿಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಿಮೆಯಿಲ್ಲದೆ ವಾಹನದ ನೋಂದಣಿಯೇ ಆಗುವುದಿಲ್ಲ. 2017ರಲ್ಲಿ ಅಲ್ಲಿನ ಸರಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ವಿಮಾಪತ್ರವನ್ನು ಗೊತ್ತುಮಾಡಿ, ದರಕ್ಕೂ ಮೇಲಿನ ಮಿತಿ, ಕೆಳಗಿನ ಮಿತಿಗಳನ್ನು ಹಾಕಿತು. ಎರಡು ಮಿತಿಗಳ ನಡುವೆ ಕಂಪನಿಗಳಿಗೆ ಸ್ವಾತಂತ್ರ್ಯ ಉಳಿಯಿತು. ಆದುದರಿಂದ ಒಂದೇ ಕಾರಿಗೆ ನಾಲ್ಕು ಕಡೆ ನಾಲ್ಕು ದರ ಕೇಳಿಬರುವುದು ಸಹಜ. ಮೊದಲನೆಯ ಅಂಗಡಿಯಲ್ಲಿಯೇ ಕೊಳ್ಳಬಾರದೆಂಬ ಸಂತೆಯ ವಿವೇಕ ಇಲ್ಲಿಯೂ ಸಲ್ಲುತ್ತದೆ.

ಆ ನಾಡುಗಳ ಕಾನೂನಿನಲ್ಲಿ ‘ದಿಯಾ’ ಎಂಬ ಒಂದು ಪದವಿದೆ. ಅಚಾತುರ್ಯದಿಂದ ಒಂದು ಜೀವಕ್ಕೆ ಹಾನಿಯಾದರೆ, ಆ ಜೀವದ ಮನೆಯವರಿಗೆ ಸಲ್ಲಬೇಕಾದ ಪರಿಹಾರ ಅದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2003ರ ಕಾನೂನು ಅದನ್ನು ಎರಡು ಲಕ್ಷ ದಿರ್ಹಮೆಂದು ನಿಗದಿಪಡಿಸಿತು. ತಿಂಗಳಿಗೆ ಎರಡು ಮೂರು ಸಾವಿರ ದಿರ್ಹಂ ಸಂಪಾದಿಸುವವನು ಊಟ, ಬಾಡಿಗೆ ಎಲ್ಲವನ್ನೂ ಬಿಟ್ಟರೂ ಆರೇಳು ವರ್ಷ ದುಡಿದು ಕೂಡಿಸಬೇಕಾದ ಮೊತ್ತವಿದು. ಊರಿನಲ್ಲಿರುವ ತಾಯಿಯ ಕರಿಮಣಿ, ತಂಗಿಯ ಮದುವೆ, ಅಡವಿಟ್ಟ ಐದು ಸೆಂಟ್ಸು ಜಾಗ ಎಲ್ಲವೂ ಒಂದು ಕ್ಷಣದ ಅಜಾಗ್ರತೆಗೆ ಈಡಾಗಬಹುದು. ಊರ್ಜಿತವಾದ ಥರ್ಡ್ ಪಾರ್ಟಿ ವಿಮೆಯಿದ್ದರೆ ಈ ಹಣವನ್ನು ಕಂಪನಿ ಕೊಡುತ್ತದೆ. ಅಗ್ಗದ ಆಸೆಗೆ ಈ ಭಾಗವನ್ನು ಸಡಿಲಬಿಟ್ಟವನು ಉಳಿಸಿದ್ದೇನು, ಪಣವಿಟ್ಟದ್ದೇನು ಎಂಬುದನ್ನು ತೂಗಿ ನೋಡಬೇಕು.

ವಿಮೆಯಿದ್ದರೂ ಅದು ಕೈಕೊಡುವ ಸಂದರ್ಭಗಳುಂಟು. ಕುಡಿದು ಓಡಿಸಿದರೆ, ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟರೆ, ಅಪಘಾತದ ಸ್ಥಳದಿಂದ ಓಡಿಹೋದರೆ, ಕಂಪನಿ ನೊಂದವನಿಗೆ ಹಣ ಕೊಟ್ಟರೂ ಆಮೇಲೆ ಅದನ್ನು ನಮ್ಮಿಂದ ವಸೂಲು ಮಾಡಬಹುದು. ಖಾಸಗಿ ಕಾರಿನಲ್ಲಿ ಜೊತೆ ಕೆಲಸದವರನ್ನು ದಿನಬಾಡಿಗೆಗೆ ಕೂರಿಸಿಕೊಂಡು ಹೋಗುವುದೂ ಹಾಗೆಯೇ. ಖಾಸಗಿ ಬಳಕೆಗೆಂದು ಬರೆದ ವಿಮೆ ಬಾಡಿಗೆಯ ಓಟಕ್ಕೆ ಸಲ್ಲುವುದಿಲ್ಲ. ಈದ್ ರಜೆಗೆ ದುಬೈಯಿಂದ ಮಸ್ಕತ್ತಿಗೆ ಕಾರಿನಲ್ಲಿ ಹೋಗುವವರು ಇನ್ನೊಂದು ಮಾತು ನೆನಪಿಡಬೇಕು: ಗಡಿ ದಾಟಿದೊಡನೆ ವಿಮೆ ತಾನಾಗಿ ಜೊತೆಗೆ ಬರುವುದಿಲ್ಲ. ಅರಬ್ ದೇಶಗಳು 1975ರಲ್ಲಿ ಟ್ಯುನಿಸ್ ನಗರದಲ್ಲಿ ಮಾಡಿಕೊಂಡ ಒಪ್ಪಂದದಂತೆ ಇದಕ್ಕಾಗಿ ಕಿತ್ತಳೆ ಬಣ್ಣದ ಕಾರ್ಡೊಂದು ಬಳಕೆಗೆ ಬಂದಿದೆ. ನಮ್ಮ ಕಾರು ತಲಪಾಡಿ ದಾಟಿ ಮಂಜೇಶ್ವರಕ್ಕೆ ಹೋದರೆ ವಿಮೆ ಬದಲಾಗುವುದಿಲ್ಲ. ಈ ಅಭ್ಯಾಸವನ್ನು ದೇಶದ ಗಡಿಗೂ ಅನ್ವಯಿಸುವುದು ಅಪಾಯ.

ಇಷ್ಟಾದ ಮೇಲೆ, ಖರ್ಚನ್ನು ಎಲ್ಲಿ ತಗ್ಗಿಸಬಹುದು? ನಮ್ಮ ಸ್ವಂತ ಹಾನಿಯ ಭಾಗದಲ್ಲಿ ಧಾರಾಳವಾಗಿ ತಗ್ಗಿಸಬಹುದು. ಹಳೆಯ, ಬೆಲೆ ಇಳಿದ ಕಾರನ್ನು ಕೊಂಡವನಿಗೆ ಸಮಗ್ರ ವಿಮೆಯ ಅಗತ್ಯ ಕಡಿಮೆ. ಹಾನಿಯಾದಾಗ ಮೊದಲಿನ ಇಷ್ಟು ಮೊತ್ತವನ್ನು ನಾನೇ ಭರಿಸುತ್ತೇನೆಂದು ಒಪ್ಪಿಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಆ ಮೊತ್ತ ಯಾವಾಗಲೂ ಕೈಯಲ್ಲಿರಬೇಕು, ಅಷ್ಟೆ. ದುರಸ್ತಿಯನ್ನು ತಯಾರಕರ ಅಧಿಕೃತ ಶೆಡ್ಡಿನಲ್ಲಿಯೇ ಮಾಡಿಸಬೇಕೆಂಬ ಹಟ ಬಿಟ್ಟು, ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜು ಸಾಕೆಂದರೆ ಗಲ್ಫಿನಲ್ಲಿ ಗಣನೀಯವಾದ ಉಳಿತಾಯವುಂಟು. ಬ್ರಿಟನ್ನಿನಲ್ಲಿ, ಓಡಿಸುವ ರೀತಿಯನ್ನು ದಾಖಲಿಸುವ ಸಣ್ಣ ಪೆಟ್ಟಿಗೆಯನ್ನು ಕಾರಿನಲ್ಲಿ ಇರಿಸಿಕೊಳ್ಳಲು ಒಪ್ಪಿದ ಹೊಸ ಚಾಲಕನಿಗೆ ಕಡಿಮೆ ದರ ಕೊಡುವ ಕಂಪನಿಗಳಿವೆ. ಚರಿತ್ರೆಯಿಲ್ಲದವನು ಬೇಗನೆ ಚರಿತ್ರೆಯನ್ನು ಬರೆಸಿಕೊಳ್ಳುವ ಉಪಾಯವಿದು.

ಎಲ್ಲಿ ತಗ್ಗಿಸಬಾರದೆಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ. ಕಾನೂನು ಹೇಳುವ ಕನಿಷ್ಠ ಮೊತ್ತವೇ ಸಾಕೆಂದು ನಂಬಬಾರದು. ಕ್ಯಾಲಿಫೋರ್ನಿಯದಲ್ಲಿ ಗಾಯಗೊಂಡ ಒಬ್ಬನಿಗೆ 15,000 ಡಾಲರ್ ಎಂಬ ಕನಿಷ್ಠ ಮಿತಿ 1967ರಿಂದ ಹಾಗೆಯೇ ನಿಂತಿದ್ದು, 2025ರ ಜನವರಿಯಲ್ಲಿ 30,000ಕ್ಕೆ ಏರಿತು. ಅಲ್ಲಿನ ಆಸ್ಪತ್ರೆಯ ಬಿಲ್ಲು ಕಂಡವರಿಗೆ ಇದೂ ಎಷ್ಟು ದಿನಕ್ಕೆ ಸಾಲುತ್ತದೆಂದು ಗೊತ್ತು. ಉಳಿದದ್ದನ್ನು ತೆರಬೇಕಾದವನು ಚಾಲಕನೇ. ಅಂತೆಯೇ, ದರ ಕಡಿಮೆಯಾಗಲೆಂದು ಹಿರಿಯ ಬಂಧುವಿನ ಹೆಸರಿನಲ್ಲಿ ವಿಮೆ ಮಾಡಿಸಿ ತಾನು ಓಡಿಸುವುದು, ಹಳೆಯ ಅಪಘಾತವನ್ನು ಮುಚ್ಚಿಡುವುದು ಇವು ಉಪಾಯಗಳಲ್ಲ. ಸುಳ್ಳು ಹೇಳಿ ಕೊಂಡ ವಿಮೆ ಆಪತ್ತಿನ ದಿನ ಬರಿಯ ಕಾಗದವಾಗುತ್ತದೆ.

ಬೋನಸ್ಸಿನ ಲೆಕ್ಕವನ್ನು ತಿಳಿಯದೆ ನಷ್ಟಪಡುವವರೂ ಬಹಳ. ಒಂದು ಉದಾಹರಣೆ ನೋಡೋಣ. ರಿಯಾಯಿತಿಗೆ ಮೊದಲಿನ ಸ್ವಂತ ಹಾನಿಯ ಪ್ರೀಮಿಯಂ 12,000 ರೂಪಾಯಿ ಎಂದಿಟ್ಟುಕೊಳ್ಳಿ. 50ರ ಬೋನಸ್ಸಿರುವವನು 6,000 ಕಟ್ಟುತ್ತಾನೆ. ಗೇಟಿಗೆ ತಾಗಿ ಬಾಗಿಲು ತಗ್ಗಾಯಿತೆಂದು 4,000 ರೂಪಾಯಿ ಪರಿಹಾರ ಕೇಳಿದನೆನ್ನೋಣ. ಮರುವರ್ಷ ಬೋನಸ್ಸು ಸೊನ್ನೆಯಾಗಿ ಪೂರ್ತಿ 12,000 ಕಟ್ಟಬೇಕು. ಆಮೇಲಿನ ವರ್ಷಗಳಲ್ಲಿ 9,600, 9,000, 7,800, 6,600 ಎಂದು ಇಳಿದು ಮತ್ತೆ 6,000ಕ್ಕೆ ಬರುವಷ್ಟರಲ್ಲಿ ಅವನು ಹೆಚ್ಚಾಗಿ ಕಟ್ಟಿದ ಹಣ ಒಟ್ಟು 15,000 ರೂಪಾಯಿ. ನಾಲ್ಕು ಸಾವಿರ ಪಡೆದು ಹದಿನೈದು ಸಾವಿರ ಕೊಟ್ಟಂತಾಯಿತು. ಸಣ್ಣ ಹಾನಿಯನ್ನು ತಾನೇ ಸಹಿಸಿ, ದೊಡ್ಡದಕ್ಕಾಗಿ ವಿಮೆಯನ್ನು ಉಳಿಸಿಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಪರನಾಡಿಗೆ ಹೋದವರು ಒಂದು ದಿನ ಮರಳಿ ಬರುವವರೂ ಹೌದು. ಗಲ್ಫಿನ ಎಡ ಚಕ್ರದ ಕಾರನ್ನು ಹಡಗಿನಲ್ಲಿ ತಂದು ಇಲ್ಲಿ ಓಡಿಸುವಂತಿಲ್ಲ. ನಮ್ಮ ಆಮದು ನಿಯಮ ಬಲಬದಿಯ ಚಕ್ರವನ್ನೇ ಕೇಳುತ್ತದೆ. ಕಾರು ಬರದಿದ್ದರೂ ಅಲ್ಲಿ ಗಳಿಸಿದ ಒಳ್ಳೆಯ ಹೆಸರು ಬರಬಹುದು. 2002ರ ದರಪಟ್ಟಿಯಲ್ಲಿಯೇ ಇದಕ್ಕೆ ಅವಕಾಶವಿತ್ತು: ಹೊರದೇಶದ ವಿಮೆ ಮುಗಿದ ಮೂರು ವರ್ಷಗಳೊಳಗೆ ಇಲ್ಲಿ ವಿಮೆ ಮಾಡಿಸಿ, ಅಲ್ಲಿನ ಕಂಪನಿಯ ಪತ್ರವನ್ನು ತೋರಿಸಿದರೆ ಬೋನಸ್ಸನ್ನು ಪರಿಗಣಿಸಲಾಗುತ್ತಿತ್ತು. ಮರಳಿ ಬಂದು ಹೊಸ ಕಾರು ಕೊಳ್ಳುವವರು ಆ ಪತ್ರವನ್ನು ಮುಂದಿಟ್ಟು ಕೇಳುವುದು ಒಳ್ಳೆಯದು. ಊರಿನಲ್ಲಿ ಕಾರನ್ನು ಬಿಟ್ಟುಹೋದವರು ಅದರ ವಿಮೆಯ ತಾರೀಕನ್ನೂ ನೋಡಿಕೊಳ್ಳಬೇಕು. ಅವಧಿ ಮೀರಿ ತೊಂಬತ್ತು ದಿನ ಕಳೆದರೆ ಕೂಡಿಟ್ಟ ಬೋನಸ್ಸು ಕರಗಿಹೋಗುತ್ತದೆ. ಮರುಭೂಮಿಯಿಂದ ನೇರವಾಗಿ ಜೂನ್ ತಿಂಗಳಿಗೆ ಬಂದಿಳಿದವರಿಗೆ ಇನ್ನೊಂದು ಕಿವಿಮಾತು: ನೆರೆನೀರಿನಲ್ಲಿ ನಿಂತ ಕಾರನ್ನು ಬಲವಂತವಾಗಿ ಚಾಲೂ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯ ವಿಮೆ ಅದನ್ನು ಭರಿಸುವುದಿಲ್ಲ. ಎಂಜಿನ್ ರಕ್ಷಣೆಯೆಂಬ ಸೇರ್ಪಡೆ ಬೇರೆಯೇ ಇದೆ. ನಮ್ಮ ಊರಿನ ಮಳೆಗೆ ಅದು ಆಡಂಬರವಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ವಿಮೆಯಲ್ಲಿ ಜಿಪುಣತನ ತಪ್ಪಲ್ಲ. ಅದು ಸರಿಯಾದ ಕಡೆ ಇರಬೇಕು. ನಮ್ಮ ಬಣ್ಣಕ್ಕೆ, ನಮ್ಮ ಬಂಪರಿಗೆ, ನಮ್ಮ ಅನುಕೂಲಕ್ಕೆ ಎಷ್ಟು ಕಡಿಮೆ ಕೊಟ್ಟರೂ ಅಡ್ಡಿಯಿಲ್ಲ. ದಾರಿಯಲ್ಲಿ ಎದುರಾಗುವ ಅಪರಿಚಿತನ ಜೀವಕ್ಕೆ ಕಟ್ಟುವ ಹಣದಲ್ಲಿ ಕೈ ಹಿಡಿಯಬಾರದು. ಪರನಾಡಿನಲ್ಲಿ ನಾವೂ ಯಾರಿಗೋ ದಾರಿಯಲ್ಲಿ ಎದುರಾದ ಅಪರಿಚಿತರೇ ಅಲ್ಲವೆ?